ಸಾವಿನ ಮನೆಯಲ್ಲಿ ದೇವರ ವಕೀಲರಾಗಬೇಡಿ

ಮಕ್ಕಳೇ, ಸಭೆಯ ಯುವಕೂಟದಿಂದ ನೀವೀಗ ರೋಗಿಗಳನ್ನು ನೋಡಲು, ಸಾವಾದ ಮನೆಗಳಿಗೆ ಪ್ರಾರ್ಥನೆಗೆಂದು ಹೋಗುತ್ತಿದ್ದೀರಿ. ಒಳ್ಳೆಯದು. ಅಲ್ಲಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: 'ದೇವರು ಪ್ರೀತಿಸ್ವರೂಪಿ ಅಂತೀರಿ, ಸರ್ವಶಕ್ತ ಅಂತೀರಿ. ಹಾಗಾದ್ರೆ ನನ್ನ ಮಗನನ್ನ ಯಾಕೆ ಉಳಿಸಲಿಲ್ಲ?' 'ಎಲ್ಲಾ ದೇವರ ಚಿತ್ತ' ಎಂಬ ಮಾತು ಆಗ ನಾಲಿಗೆ ತುದಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳಿ.

ಇದು ನಾಸ್ತಿಕರ ಪ್ರಶ್ನೆ ಎಂದುಕೊಳ್ಳಬೇಡಿ. ನಮ್ಮ ಹಿರಿಯರೇ ಇದರೊಂದಿಗೆ ಗುದ್ದಾಡಿದ್ದಾರೆ. ಕೇಡೆಂಬುದು ದೇವರು ಸೃಷ್ಟಿಸಿದ ವಸ್ತುವಲ್ಲ, ಒಳಿತಿನ ಕೊರತೆ; ಅದು ಬಂದದ್ದು ಇಚ್ಛಾಸ್ವಾತಂತ್ರ್ಯದ ದುರ್ಬಳಕೆಯಿಂದ ಎಂದರು ಸಂತ ಅಗಸ್ಟೀನ್. ಎರಡನೆಯ ಶತಮಾನದ ಐರೇನಿಯಸ್ ಹಾಕಿಕೊಟ್ಟ ದಾರಿಯಲ್ಲಿ ತತ್ತ್ವಜ್ಞಾನಿ ಜಾನ್ ಹಿಕ್ 1966ರಲ್ಲಿ ಬೇರೆ ವಾದ ಹೂಡಿದರು: ಈ ಲೋಕ ಆತ್ಮ ಮಾಗಲೆಂದೇ ಇರುವ ಜಾಗ, ಇಲ್ಲಿ ಕಷ್ಟ ತಪ್ಪದು. ದೇವರ ಶಕ್ತಿ ಬಲವಂತ ಮಾಡುವುದಲ್ಲ, ಒಲಿಸಿಕೊಳ್ಳುವುದು ಎನ್ನುವವರೂ ಇದ್ದಾರೆ. ಎಲ್ಲವನ್ನೂ ಓದಿ, ಜಗಳವಾಡಿ. ಆದರೆ ಪ್ರತಿಯೊಂದು ಉತ್ತರವೂ ಒಂದು ಹಂತದಲ್ಲಿ ಸೋಲುತ್ತದೆ ಎಂಬುದು ಗೊತ್ತಿರಲಿ.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಲಿಸ್ಬನ್ ನಗರದ ಚರ್ಚುಗಳು ಬೆಳಗಿನ ಪೂಜೆಗೆ ತುಂಬಿದ್ದವು. ನೆಲ ನಡುಗಿ ಚಾವಣಿಗಳು ಭಕ್ತರ ಮೇಲೇ ಕುಸಿದವು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿಗಳಿಂದ ಬೆಂಕಿ ಹಬ್ಬಿತು, ಕಡಲು ಉಕ್ಕಿ ಬಂತು. ಸತ್ತವರು ಸಾವಿರಾರು. ಇದರಲ್ಲಿ ಯಾರ ಇಚ್ಛಾಸ್ವಾತಂತ್ರ್ಯದ ತಪ್ಪಿದೆ? ಸತ್ತ ಹಸುಗೂಸಿನ ಆತ್ಮ ಮಾಗಿದ್ದೆಲ್ಲಿ? ಮಲಗ್ರಿದಾ ಎಂಬ ಪಾದ್ರಿ ಮಾತ್ರ ಇದು ನಗರದ ಪಾಪಕ್ಕೆ ಸಂದ ಶಿಕ್ಷೆ ಎಂದು ಬರೆದರು. ಸುವಾರ್ತೆಯಲ್ಲಿ, ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಲೆಕ್ಕಾಚಾರವನ್ನು ಯೇಸುಸ್ವಾಮಿ ಕಡ್ಡಿ ಮುರಿದಂತೆ ಅಲ್ಲಗಳೆದಿದ್ದರು. ಪಾದ್ರಿಗೆ ಅದು ನೆನಪಾಗಲಿಲ್ಲ.

ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರನ್ನೇ ನೋಡಿ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಷ್ಟು ಒಳ್ಳೆಯವರಿಲ್ಲ. ಬಾಯಿ ತೆರೆದು ದೇವರ ಪರ ವಾದಿಸತೊಡಗಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರ ಕೋಪ ಬಿದ್ದದ್ದು ದೂರು ಹೇಳಿದ ಯೋಬನ ಮೇಲಲ್ಲ, ದೇವರನ್ನು ಸಮರ್ಥಿಸಿದ ಈ ಮೂವರ ಮೇಲೆ.

ನಿಮ್ಮದೇ ವಯಸ್ಸಿನ ಒಬ್ಬ ಹುಡುಗನ ಕಥೆ ಕೇಳಿ. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬುಗಳ ಮಳೆ ಸುರಿಯಿತು. ವಿಮಾನ ಹೊಡೆಯುವ ಫಿರಂಗಿ ದಳಕ್ಕೆ ಹಾಕಿದ್ದ ಹದಿನೇಳರ ಯೂರ್ಗೆನ್ ಮೋಲ್ಟ್‌ಮನ್‌ನ ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ, ಇವನು ಉಳಿದ. ದೇವರ ಗೊಡವೆಗೆ ಹೋಗದ ಮನೆಯಲ್ಲಿ ಬೆಳೆದ ಹುಡುಗ ಆ ರಾತ್ರಿ 'ದೇವರೇ, ಎಲ್ಲಿದ್ದೀಯ?' ಎಂದು ಕೂಗಿದ. ಮುಂದೆ ಯುದ್ಧಕೈದಿಯಾಗಿದ್ದಾಗ ಸೇನಾ ಪಾದ್ರಿಯೊಬ್ಬರು ಕೊಟ್ಟ ಬೈಬಲಿನಲ್ಲಿ, ತಂದೆ ತನ್ನನ್ನು ಕೈಬಿಟ್ಟನೆಂದು ಯೇಸು ಶಿಲುಬೆಯ ಮೇಲೆ ಕೂಗಿದ್ದನ್ನು ಓದಿದ. ತನ್ನ ಕೂಗು ಗೊತ್ತಿರುವವನು ಇಲ್ಲೊಬ್ಬನಿದ್ದಾನೆ ಅನ್ನಿಸಿತು. ದೊಡ್ಡ ದೈವಶಾಸ್ತ್ರಜ್ಞರಾಗಿ 1972ರಲ್ಲಿ 'ದಿ ಕ್ರೂಸಿಫೈಡ್ ಗಾಡ್' ಪ್ರಕಟಿಸಿದಾಗಲೂ ಅವರ ಮಾತು ಇದೇ: ದೇವರು ದೂರದಲ್ಲಿ ಕೂತು ನೋವು ಹಂಚುವವನಲ್ಲ, ನೋವಿನೊಳಗೇ ಇರುವವನು. 'ದೇವರೂ ನನ್ನಂತೆಯೇ ಸಿಕ್ಕಿಬಿದ್ದಿದ್ದರೆ ನನಗೇನು ಬಂತು?' ಎಂದು ಇನ್ನೊಬ್ಬ ದೈವಶಾಸ್ತ್ರಜ್ಞ ಕಾರ್ಲ್ ರಾಹ್ನರ್ ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪ. ಅದಕ್ಕೇ ನಮ್ಮ ವಿಶ್ವಾಸ ಶುಭಶುಕ್ರವಾರಕ್ಕೆ ನಿಲ್ಲದೆ ಈಸ್ಟರಿನವರೆಗೆ ಹೋಗುತ್ತದೆ. ನೋವಿನಲ್ಲಿ ಪಾಲು ತೆಗೆದುಕೊಳ್ಳುವುದು ಪ್ರೀತಿ, ಸಾವಿಗೆ ಕೊನೆಯ ಮಾತು ಬಿಟ್ಟುಕೊಡದಿರುವುದು ಶಕ್ತಿ. ಎರಡರಲ್ಲಿ ಒಂದನ್ನು ಬಿಟ್ಟರೂ ಹೇಳಲು ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ, ಸಾವಿನ ಮನೆಗೆ ಹೋದರೆ ವಿವರಣೆ ಕೊಡಬೇಡಿ. ದೇವರನ್ನು ಬೈದರೆ ತಡೆಯಬೇಡಿ. ಕೀರ್ತನೆಗಳಲ್ಲೇ ಅಂಥ ದೂರುಗಳು ತುಂಬಿವೆ. ಆಸ್ಪತ್ರೆಯ ಬಿಲ್ಲು, ಮರಣ ಪ್ರಮಾಣಪತ್ರದ ಅರ್ಜಿ, ಬಂದವರಿಗೆ ಕಾಫಿ, ಇವನ್ನು ನೋಡಿಕೊಳ್ಳಿ. ನೆಂಟರೆಲ್ಲ ಊರಿಗೆ ಹೋದ ಮೇಲೆ ಇನ್ನೊಮ್ಮೆ ಹೋಗಿ ಕೂತು ಬನ್ನಿ.

ಇನ್ನೊಂದು ಮಾತು. ಮನುಷ್ಯರು ಮಾಡಿದ್ದನ್ನು ದೇವರ ತಲೆಗೆ ಕಟ್ಟಬೇಡಿ. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸಲಾದ ಕೆಲಸಗಾರ ಉಸಿರುಗಟ್ಟಿ ಸತ್ತರೆ ಅದು ದೇವರ ಚಿತ್ತವಲ್ಲ, ಕೈಯಿಂದ ಮಲ ಬಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಎದ್ದು ಬರಬೇಡಿ. ದೂರು ಕೊಡಲು ಆ ಮನೆಯವರ ಜೊತೆ ಠಾಣೆಗೂ ಹೋಗಿ.