ಮಾಸ್ಕ್ ಹಾಕಿದರೆ ಕಣ್ಣು ಉರಿಯುವುದೇಕೆ?

ಪ್ರಶ್ನೆ: ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಡ್ಯೂಟಿ ಮುಗಿಯುವವರೆಗೂ ಮಾಸ್ಕ್ ತೆಗೆಯುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಉರಿಯುತ್ತದೆ, ನೀರೂ ಸುರಿಯುತ್ತದೆ. ರಜೆಯ ದಿನ ಏನೂ ಇಲ್ಲ. ಇದು ಮಾಸ್ಕ್‌ನಿಂದಲೇ ಇರಬಹುದೇ?

ಉತ್ತರ: ಇರಬಹುದು. ರಜೆಯ ದಿನ ಏನೂ ಇಲ್ಲ ಎಂದಿದ್ದೀರಲ್ಲ, ಅದೇ ದೊಡ್ಡ ಸುಳಿವು. 2020ರಲ್ಲಿ ಕೋವಿಡ್‌ನಿಂದಾಗಿ ಎಲ್ಲರೂ ಮಾಸ್ಕ್ ಹಾಕತೊಡಗಿದಾಗ ಕಣ್ಣಿನ ವೈದ್ಯರ ಬಳಿಗೆ ಇದೇ ದೂರು ಹೊತ್ತು ಬಂದವರು ಬಹಳ. ಹಾಗೆಂದು ಮಾಸ್ಕ್ ಬಿಡಬೇಡಿ. ರಕ್ತ, ಕಫದ ಸ್ಯಾಂಪಲ್‌ಗಳ ನಡುವೆ ಇರುವವರಿಗೆ ಅದು ಬೇಕೇ ಬೇಕು. ಸರಿಪಡಿಸಬೇಕಾದ್ದು ಮೂಗಿನ ಬಳಿ ಉಳಿಯುವ ಸಂದಿಯನ್ನು.

ಬಿಟ್ಟ ಉಸಿರು ಆ ಸಂದಿಯಿಂದ ಮೇಲಕ್ಕೆ ನುಗ್ಗಿ ಕಣ್ಣಿಗೆ ಬಡಿಯುತ್ತದೆ. ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳು ಪೊರೆ ಇರುತ್ತದೆ. ರೆಪ್ಪೆಯಂಚಿನ ಗ್ರಂಥಿಗಳು ಒಸರುವ ಎಣ್ಣೆ ಅದರ ಮೇಲೆ ಹರಡಿಕೊಂಡು, ನೀರು ಆರದಂತೆ ಕಾಯುತ್ತದೆ. ಗಾಳಿ ಬೀಸುತ್ತಲೇ ಇದ್ದರೆ ಈ ಪೊರೆ ಅಲ್ಲಲ್ಲಿ ಒಡೆಯುತ್ತದೆ. ಆಗ ಕೆರಳಿದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ನೀರು ಬರುತ್ತಿದ್ದರೂ ಕಣ್ಣು ಒಣಗಿದೆ ಎನ್ನುವುದು ಇದಕ್ಕೇ. ಎಸಿ ಗಾಳಿ ಜೊತೆಗೂಡಿದರೆ ಇನ್ನೂ ಕಷ್ಟ. ಮೈಕ್ರೋಸ್ಕೋಪ್‌ನಲ್ಲೋ ಕಂಪ್ಯೂಟರ್‌ನಲ್ಲೋ ಕಣ್ಣು ನೆಟ್ಟಾಗ ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ.

ಕನ್ನಡಕ ಇದ್ದರೆ ಪರೀಕ್ಷೆ ಸುಲಭ: ಗಾಜಿಗೆ ಮಂಜು ಕವಿದರೆ ಉಸಿರು ಸೋರುತ್ತಿದೆ ಎಂದೇ ಅರ್ಥ. ಮಾಸ್ಕ್‌ನ ಮೇಲಂಚಿನ ತಂತಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ಮಧ್ಯದಲ್ಲಿ ಏಣು ಎದ್ದು, ಎರಡೂ ಬದಿ ಬಾಯಿ ಬಿಡುತ್ತದೆ. ಎರಡು ತೋರುಬೆರಳುಗಳನ್ನು ಮೂಗಿನ ನೆತ್ತಿಯಿಂದ ಕೆನ್ನೆಯವರೆಗೆ ಒತ್ತುತ್ತಾ ಇಳಿಸಿ. ಅಂಚಿಗೆ ಟೇಪ್ ಅಂಟಿಸುವವರಿದ್ದಾರೆ. ಅದು ಕೆಳರೆಪ್ಪೆಯನ್ನು ಜಗ್ಗದಂತಿರಲಿ, ಇಲ್ಲದಿದ್ದರೆ ಕಣ್ಣು ಪೂರ್ತಿ ಮುಚ್ಚದೆ ಉರಿ ಹೆಚ್ಚುತ್ತದೆ.

ಉರಿ ಬಂದಾಗ ಉಜ್ಜಬೇಡಿ. ಲ್ಯಾಬ್‌ನ ಕೈ ಕಣ್ಣಿಗೆ ಹೋಗುವುದು ಉರಿಗಿಂತ ದೊಡ್ಡ ಅಪಾಯ. ಕೃತಕ ಕಣ್ಣೀರಿನ ಡ್ರಾಪ್ಸ್ ಹಾಕಿಕೊಳ್ಳಬಹುದು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕೆನಿಸಿದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಡ್ಯೂಟಿಯ ದಿನ ಕನ್ನಡಕವೇ ವಾಸಿ.

ಒಂದೇ ಕಣ್ಣು ಕೆಂಪಾದರೆ, ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಅಥವಾ ದೃಷ್ಟಿ ಮಸುಕಾದರೆ ಅದು ಬೇರೆ ಕಾಯಿಲೆ ಇರಬಹುದು. ಅಂದೇ ನೇತ್ರತಜ್ಞರಿಗೆ ತೋರಿಸಿ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಮುಟ್ಟಬೇಡಿ. ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.