ಲಾಂಛನ ಕಸೂತಿ: ದರ ನಿಗದಿಗೆ ಹೊಲಿಗೆಯ ಎಣಿಕೆಯೇ ಆಧಾರ

ಶಾಲಾ ಸಮವಸ್ತ್ರ, ಕಾರ್ಖಾನೆಯ ಕೆಲಸಗಾರರ ಅಂಗಿ, ಹೋಟೆಲ್ ಸಿಬ್ಬಂದಿಯ ಉಡುಪು, ಸಂಸ್ಥೆಗಳ ಟೀ-ಶರ್ಟ್ ಮತ್ತು ಟೋಪಿ ಇವುಗಳ ಮೇಲೆ ಲಾಂಛನವನ್ನು ಯಂತ್ರದಿಂದ ಕಸೂತಿ ಮಾಡಿಸುವುದು ಇಂದು ವಾಡಿಕೆಯಾಗಿದೆ. ಈ ಉದ್ಯೋಗದಲ್ಲಿ ಕೈತುಂಬ ಕೆಲಸವಿದ್ದೂ ವರ್ಷಾಂತ್ಯದಲ್ಲಿ ಲಾಭ ಕಾಣದಿರುವುದಕ್ಕೆ ಒಂದು ಸಾಮಾನ್ಯ ಕಾರಣವೆಂದರೆ ಕಣ್ಣಳತೆಯ ದರ. ‘ಮೂರಂಗುಲದ ಲೋಗೋ, ಇಷ್ಟು ರೂಪಾಯಿ’ ಎಂದು ಹೇಳಿಬಿಡುವುದು ಸುಲಭ. ಆದರೆ ಯಂತ್ರವು ಅಂಗುಲವನ್ನು ಹೊಲಿಯುವುದಿಲ್ಲ, ಹೊಲಿಗೆಗಳನ್ನು ಹೊಲಿಯುತ್ತದೆ. ಆದ್ದರಿಂದ ಕೆಲಸದ ಕ್ರಮ ಮತ್ತು ವೆಚ್ಚದ ಲೆಕ್ಕ ಎರಡನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

1. ಚಿತ್ರದಿಂದ ಹೊಲಿಗೆಗೆ

ಗ್ರಾಹಕರು ಕೊಡುವ ಚಿತ್ರವನ್ನು ಯಂತ್ರವು ನೇರವಾಗಿ ಓದಲಾರದು. ಸೂಜಿ ಎಲ್ಲಿ ಇಳಿಯಬೇಕು, ಯಾವ ಬಣ್ಣ ಮೊದಲು ಬರಬೇಕು, ದಾರವನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ಕಂಪ್ಯೂಟರ್‌ನಲ್ಲಿ ನಿರೂಪಿಸಬೇಕಾಗುತ್ತದೆ. ಇದಕ್ಕೆ ಡಿಜಿಟೈಸಿಂಗ್ ಎಂದು ಹೆಸರು. ಅಕ್ಷರ ಹಾಗೂ ಅಂಚುಗಳಿಗೆ ಸ್ಯಾಟಿನ್ ಹೊಲಿಗೆ, ಅಗಲವಾದ ಭಾಗಗಳಿಗೆ ತುಂಬು ಹೊಲಿಗೆ ಬಳಕೆಯಲ್ಲಿವೆ. ಸಾಲುಗಳ ನಡುವಣ ಅಂತರ ಸಾಮಾನ್ಯವಾಗಿ ಸುಮಾರು 0.4 ಮಿ.ಮೀ. ಇರುತ್ತದೆ. ಲಾಂಛನದ ಅಳತೆ ಅದೇ ಇದ್ದರೂ ಹಿನ್ನೆಲೆಯನ್ನೂ ದಾರದಿಂದಲೇ ತುಂಬಬೇಕೆಂದರೆ ಹೊಲಿಗೆಗಳ ಸಂಖ್ಯೆ ದುಪ್ಪಟ್ಟಾಗಬಹುದು. 5 ಮಿ.ಮೀ.ಗಿಂತ ಚಿಕ್ಕ ಅಕ್ಷರಗಳು ಸ್ಪಷ್ಟವಾಗಿ ಮೂಡುವುದು ಕಷ್ಟ. ಕನ್ನಡದ ಒತ್ತಕ್ಷರಗಳಿಗೆ ಇನ್ನೂ ಹೆಚ್ಚಿನ ಎತ್ತರ ಅಗತ್ಯ.

2. ಯಂತ್ರದ ಮೇಲೆ

ಬಟ್ಟೆಯನ್ನು ಫ್ರೇಮಿಗೆ ಬಿಗಿದು, ಅಡಿಯಲ್ಲಿ ಬ್ಯಾಕಿಂಗ್ ಇಡಲಾಗುತ್ತದೆ. ಹಿಗ್ಗುವ ಹೆಣಿಗೆ ಬಟ್ಟೆಗೆ ಕತ್ತರಿಸಿ ತೆಗೆಯುವ ಬ್ಯಾಕಿಂಗ್, ಬಿಗಿಯಾದ ನೇಯ್ಗೆಗೆ ಹರಿದು ತೆಗೆಯುವ ಬ್ಯಾಕಿಂಗ್ ಸೂಕ್ತ. ಇಲ್ಲಿ ಉಳಿತಾಯ ಮಾಡಿದರೆ ಲಾಂಛನದ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ಬಹುತಲೆಯ ಯಂತ್ರದಲ್ಲಿ ಎಲ್ಲ ತಲೆಗಳೂ ಒಂದೇ ವಿನ್ಯಾಸವನ್ನು ಏಕಕಾಲಕ್ಕೆ ಹೊಲಿಯುತ್ತವೆ. ಒಂದು ತಲೆಯಲ್ಲಿ ದಾರ ತುಂಡಾದರೆ ಸಾಮಾನ್ಯವಾಗಿ ಇಡೀ ಯಂತ್ರವೇ ನಿಲ್ಲುತ್ತದೆ. ಆದ್ದರಿಂದ ಯಂತ್ರದ ಗರಿಷ್ಠ ವೇಗವನ್ನೇ ನಂಬಿ ಲೆಕ್ಕ ಹಾಕುವುದು ಸಾಧುವಲ್ಲ.

3. ಒಂದು ಉದಾಹರಣೆ

ಈ ಕೆಳಗಿನ ದರಗಳು ಕೇವಲ ವಿವರಣೆಗಾಗಿ ಭಾವಿಸಿಕೊಂಡವು. 8,000 ಹೊಲಿಗೆಗಳ ಲಾಂಛನ, 300 ಟೀ-ಶರ್ಟ್, 6 ತಲೆಯ ಯಂತ್ರ, ನಿಮಿಷಕ್ಕೆ 700 ಹೊಲಿಗೆಯ ವೇಗ ಎಂದಿಟ್ಟುಕೊಳ್ಳೋಣ. ಹೊಲಿಯಲು ಸುಮಾರು 11.5 ನಿಮಿಷ, ಫ್ರೇಮ್ ಬದಲಾವಣೆ ಹಾಗೂ ನಿಲುಗಡೆಗೆ 4.5 ನಿಮಿಷ, ಒಂದು ಸುತ್ತಿಗೆ ಒಟ್ಟು 16 ನಿಮಿಷ. 50 ಸುತ್ತುಗಳಿಗೆ 800 ನಿಮಿಷ. ಕೂಲಿ, ವಿದ್ಯುತ್, ಬಾಡಿಗೆ, ಸವಕಳಿ ಮತ್ತು ಬಡ್ಡಿ ಸೇರಿ ಯಂತ್ರದ ತಾಸಿನ ವೆಚ್ಚ ರೂ. 300 ಆದರೆ:

ಯಂತ್ರವೆಚ್ಚ: ರೂ. 4,000
ದಾರ ಮತ್ತು ಬ್ಯಾಕಿಂಗ್ (ತಲಾ ರೂ. 3): ರೂ. 900
ಡಿಜಿಟೈಸಿಂಗ್: ರೂ. 600
ಹಾಳಾಗುವ ಉಡುಪು (ಶೇ. 1, ತಲಾ ರೂ. 250): ರೂ. 750
ಒಟ್ಟು: ರೂ. 6,250; ತಲಾ ರೂ. 20.83

ಇದೇ ಲಾಂಛನಕ್ಕೆ 30 ಟೀ-ಶರ್ಟುಗಳ ಆದೇಶ ಬಂದರೆ ಯಂತ್ರವೆಚ್ಚ ರೂ. 400, ಸಾಮಗ್ರಿ ರೂ. 90, ಡಿಜಿಟೈಸಿಂಗ್ ರೂ. 600, ಹಾಳಾಗುವಿಕೆಗೆ ರೂ. 75, ಒಟ್ಟು ರೂ. 1,165, ಅಂದರೆ ತಲಾ ರೂ. 38.83. ಹಳೆಯ ದರವನ್ನೇ ಒಪ್ಪಿಕೊಂಡವರಿಗೆ ಅಸಲಿನಲ್ಲಿಯೇ ಸುಮಾರು ರೂ. 540 ಖೋತಾ. ಆದುದರಿಂದ ಡಿಜಿಟೈಸಿಂಗ್ ಶುಲ್ಕವನ್ನು ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಲೇಸು.

4. ಹಾಳಾದ ಉಡುಪು ಯಾರ ಪಾಲು?

ಮೇಲಿನ ಉದಾಹರಣೆಯಲ್ಲಿ ಒಂದು ಟೀ-ಶರ್ಟ್ ಹಾಳಾದರೆ ಹನ್ನೆರಡು ಟೀ-ಶರ್ಟುಗಳ ಕಸೂತಿ ವೆಚ್ಚಕ್ಕೆ ಸಮನಾದ ನಷ್ಟ. ಉಡುಪು ಗ್ರಾಹಕರದ್ದಾಗಿದ್ದರೆ ಎಷ್ಟರಮಟ್ಟಿನ ಹಾಳನ್ನು ಯಾರು ಭರಿಸಬೇಕೆಂಬುದು ಆದೇಶಪತ್ರದಲ್ಲಿ ಮೊದಲೇ ದಾಖಲಾಗಬೇಕು. ಅದೇ ಬಗೆಯ ಬಟ್ಟೆಯ ಮೇಲೆ ಮಾದರಿ ತೆಗೆದು, ಗ್ರಾಹಕರ ಸಹಿ ಪಡೆದ ಬಳಿಕವೇ ಕೆಲಸ ಆರಂಭಿಸತಕ್ಕದ್ದು.

5. ಕಾನೂನಿನ ಎರಡು ಅಂಶಗಳು

ಅನ್ಯರ ಉಡುಪಿನ ಮೇಲೆ ಕಸೂತಿ ಮಾಡಿಕೊಡುವುದು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 2ನೆಯ ಅನುಸೂಚಿಯಂತೆ ಸೇವೆಯ ಪೂರೈಕೆ. ನೋಂದಾಯಿತ ವ್ಯಾಪಾರಿಯು 143ನೆಯ ಕಲಮಿನಡಿ ತೆರಿಗೆ ತೆರದೆ ಜಾಬ್ ವರ್ಕ್‌ಗೆ ಕಳುಹಿಸಿದ ಉಡುಪು ಚಲನ್ ಸಹಿತ ಹೋಗಬೇಕು. ಅದು ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಕಲಮಿನ ಷರತ್ತಿನಂತೆ ಜಾಬ್ ವರ್ಕ್ ಸ್ಥಳದಿಂದಲೇ ವಿಲೇವಾರಿಯಾಗಬೇಕು.

ಎರಡನೆಯದಾಗಿ, ನೋಂದಾಯಿತ ಲಾಂಛನವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಹೊಲಿದುಕೊಟ್ಟರೆ 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ ಮೇರೆಗೆ ಶಿಕ್ಷೆಗೆ ಗುರಿಯಾಗುವ ಸಂಭವವಿದೆ. ಮಧ್ಯವರ್ತಿಯ ಬಾಯಿಮಾತು ಸಾಲದು. ಸಂಸ್ಥೆಯ ಲಿಖಿತ ಅನುಮತಿಯ ಪ್ರತಿ ಕಡತದಲ್ಲಿರಲಿ.

ಯಾವ ದರ ಹೇಳುವ ಮೊದಲೂ ಹೊಲಿಗೆಗಳು ಎಷ್ಟು, ಉಡುಪುಗಳು ಎಷ್ಟು, ಬಟ್ಟೆ ಯಾವುದು, ಹಾಳಾದರೆ ಯಾರ ಹೊಣೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಒಳಿತು. ಆ ಬಳಿಕ ಬಿಟ್ಟುಕೊಡುವ ರಿಯಾಯಿತಿ ಲಾಭದಿಂದ ಹೋಗುತ್ತದೆಯೇ ಹೊರತು ಬಂಡವಾಳದಿಂದಲ್ಲ.