ಸೆಲ್ಫ್ ಹೊಡೆದರೂ ಕಾರು ಸ್ಟಾರ್ಟ್ ಆಗುತ್ತಿಲ್ಲವೇ?

ಸೆಲ್ಫ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಆಗ ಗಾಬರಿಯಲ್ಲಿ ಮೇಲಿಂದ ಮೇಲೆ ಕೀ ತಿರುಗಿಸಬೇಡಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು. ನಡುವೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ, ಸ್ಟಾರ್ಟರ್ ಮೋಟರ್ ಕಾಯುತ್ತದೆ.

ಸೆಲ್ಫ್ ಎಂದಿನಂತೆ ತಿರುಗುತ್ತಿದ್ದರೆ ಸಾಮಾನ್ಯವಾಗಿ ಬ್ಯಾಟರಿಯ ದೋಷವಲ್ಲ. ಇಂಧನ ಬರುತ್ತಿಲ್ಲ, ಇಲ್ಲವೇ ಕಿಡಿ ಬೀಳುತ್ತಿಲ್ಲ. ಪೆಟ್ರೋಲ್ ಕಾರಾದರೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೀಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ ಕಿವಿಗೊಡಿ. ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಸಣ್ಣಗೆ ಗುಂಯ್‌ಗುಟ್ಟಿದರೆ ಫ್ಯುಯೆಲ್ ಪಂಪ್ ಓಡುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಎಂಜಿನ್ ಫ್ಲಡ್ ಆಗಿರಬಹುದು; ಸ್ವಲ್ಪ ಹೊತ್ತು ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಮ್ಮೆ ಸೆಲ್ಫ್ ಹೊಡೆಯಿರಿ.

ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ದೀಪ ಮಿಣುಕುತ್ತಿದ್ದರೆ ಕಾರು ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀ ಹಾಕಿ ನೋಡಿ. ಕೆಲದಿನ ನಿಂತಿದ್ದ ಕಾರಾದರೆ ಬಾನೆಟ್ ಎತ್ತಿ, ಇಲಿ ಕಡಿದ ವೈರ್ ಹುಡುಕಿ. ಡೀಸೆಲ್ ಕಾರಿನ ಟ್ಯಾಂಕ್ ಪೂರ್ತಿ ಬರಿದಾಗಿದ್ದರೆ ಡೀಸೆಲ್ ತುಂಬಿಸಿದ ಮೇಲೂ ಲೈನಿನಲ್ಲಿ ಗಾಳಿ ಉಳಿದಿರಬಹುದು, ಅದನ್ನು ತೆಗೆಸಬೇಕು.

ಒಂದು ಮಾತು ಮಾತ್ರ ಮರೆಯಬೇಡಿ: ಮಳೆನೀರಿನಲ್ಲಿ ಆಫ್ ಆದ ಕಾರಿಗೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹಾಳಾಗುತ್ತದೆ. ಟೋ ಮಾಡಿಸಿ, ಮೆಕ್ಯಾನಿಕ್ ನೋಡಲಿ.